ಥೈರಾಯ್ಡ್ ನಾರ್ಮಲ್ ಆಯಿತು, ಈಗ ಕಣ್ಣು ಶುರು ಮಾಡಿದೆ

ನಿದ್ದೆಗಣ್ಣು

ನಮಸ್ಕಾರ ಎಲ್ಲರಿಗೂ. ನನಗೆ ಗ್ರೇವ್ಸ್ ಕಾಯಿಲೆ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ. ಮಾತ್ರೆ ಶುರುವಾಗಿ ವರ್ಷ ದಾಟಿತು. ಎದೆ ಡವಡವ, ಕೈನಡುಕ, ಸುಮ್ಮಸುಮ್ಮನೆ ಬೆವರುವುದು ಎಲ್ಲ ನಿಂತಿದೆ. ರಕ್ತದ ರಿಪೋರ್ಟ್ ನಾರ್ಮಲ್. ಇನ್ನು ಆರಾಮ ಅಂದುಕೊಳ್ಳುವಷ್ಟರಲ್ಲಿ ಕಣ್ಣು ಶುರು ಮಾಡಿತು.

ಬೆಳಗ್ಗೆ ಏಳುವಾಗ ರೆಪ್ಪೆ ಊದಿರುತ್ತದೆ. ಮರಳು ಬಿದ್ದ ಹಾಗೆ ಉರಿ. ಗಾಳಿಗೆ ಹೋದರೆ ನೀರು ಸುರಿಯುತ್ತದೆ. ಮೇಲಕ್ಕೆ ನೋಡಿದರೆ ಕಣ್ಣಿನ ಹಿಂದೆ ಎಳೆತ. ಮೇಲಿನ ರೆಪ್ಪೆ ಮೇಲೇ ನಿಂತುಬಿಟ್ಟಿದೆ, ಕರಿಗುಡ್ಡೆಗಿಂತ ಮೇಲಿನ ಬಿಳಿ ಭಾಗ ಕಾಣುತ್ತದೆ. ಆಫೀಸಿನಲ್ಲಿ ಯಾರಾದರೊಬ್ಬರು "ಯಾಕೆ ಸಿಟ್ಟು?" ಅಂತ ಕೇಳುತ್ತಲೇ ಇರುತ್ತಾರೆ. ಸಿಟ್ಟಿರಲಿಲ್ಲ, ಈಗ ಬರುತ್ತಿದೆ.

ಕಣ್ಣಿನ ಡಾಕ್ಟರು "ಥೈರಾಯ್ಡ್ ಕಣ್ಣಿನ ಕಾಯಿಲೆ, ಸದ್ಯಕ್ಕೆ ಮೈಲ್ಡ್, ಕಾದು ನೋಡೋಣ" ಅಂದರು. ಕಾಯುವುದು ಅಂದರೆ ಏನು ಮಾಡಬೇಕು? ಥೈರಾಯ್ಡ್ ಸರಿಯಾದ ಮೇಲೂ ಇದು ಯಾಕೆ? ತಾನಾಗಿ ಹೋಗುತ್ತದಾ? ಅನುಭವ ಇದ್ದವರು ಹೇಳಿ.

ಹಳೇಕನ್ನಡಕ

ಬನ್ನಿ ಮೇಡಂ. ನಾನು ಈ ದಾರಿಯನ್ನು ಪೂರ್ತಿ ನಡೆದವನು. ಊತ ಇಳಿಸುವ ಸ್ಟೀರಾಯ್ಡ್, ಎರಡೆರಡು ಕಾಣುವುದನ್ನು ಒಂದು ಮಾಡುವ ಪ್ರಿಸಂ ಗಾಜು, ಮೂರು ಥರದ ಆಪರೇಷನ್, ಎಲ್ಲ ಆಗಿದೆ. ಹೆದರಬೇಡಿ, ಎಲ್ಲರಿಗೂ ಅಷ್ಟು ಬೇಕಾಗುವುದಿಲ್ಲ. ಹೆಚ್ಚಿನವರದ್ದು ಮೈಲ್ಡ್ ಆಗಿಯೇ ಮುಗಿಯುತ್ತದೆ. ಗಂಡಸರಿಗೆ ಇದು ಬರುವುದು ಕಡಿಮೆ, ಬಂದರೆ ಜೋರಾಗಿ ಬರುವುದು ಜಾಸ್ತಿ. ನಾನು ಆ ಗುಂಪು.

ಕಣ್ಣಿಗೆ ಅದರದ್ದೇ ಕ್ಯಾಲೆಂಡರ್ ಇದೆ. ಥೈರಾಯ್ಡ್ ರಿಪೋರ್ಟ್ ನೋಡಿಕೊಂಡು ಅದು ನಡೆಯುವುದಿಲ್ಲ. ಮೊದಲು ಏರುತ್ತದೆ, ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಸ್ವಲ್ಪ ಇಳಿಯುತ್ತದೆ, ಆಮೇಲೆ ಇದ್ದಲ್ಲೇ ಗಟ್ಟಿಯಾಗುತ್ತದೆ. ರಂಡಲ್ ಎಂಬ ವೈದ್ಯ 1945ರಲ್ಲೇ ಇದನ್ನು ಗೆರೆ ಎಳೆದು ತೋರಿಸಿದ. ನನ್ನ ಡಾಕ್ಟರು ಚೀಟಿಯ ಹಿಂದೆ ಅದೇ ಗೆರೆ ಬರೆದು "ನೀನು ಇಲ್ಲಿದ್ದೀಯ" ಅಂತ ಚುಕ್ಕಿ ಇಟ್ಟರು. ಉರಿ, ಕೆಂಪು, ಊತ ಇರುವ ಈ ಸಕ್ರಿಯ ಕಾಲ ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷ. ಕೆಲವರಿಗೆ ಇನ್ನೂ ಉದ್ದ.

ಊತ, ಕೆಂಪು, ನೋವು ತಾನಾಗಿ ಇಳಿಯುತ್ತವೆ. ಗುಡ್ಡೆ ಮುಂದೆ ಬಂದಿದ್ದರೆ ಅದು ಪೂರ್ತಿ ಹಿಂದಕ್ಕೆ ಹೋಗುವುದು ಕಡಿಮೆ. ಬಣ್ಣ ಹಚ್ಚದೆ ಹೇಳುತ್ತಿದ್ದೇನೆ.

ಡ್ಯೂಟಿಅಕ್ಕ

ನಾನು ಕಣ್ಣಿನ ವಿಭಾಗದಲ್ಲಿ ನರ್ಸ್. ಡಾಕ್ಟರಲ್ಲ, ಅದು ನೆನಪಿರಲಿ.

ಥೈರಾಯ್ಡ್ ಕೆಟ್ಟಿದ್ದಕ್ಕೆ ಕಣ್ಣು ಕೆಟ್ಟಿದ್ದಲ್ಲ. ಎರಡನ್ನೂ ಕೆಡಿಸುತ್ತಿರುವುದು ನಮ್ಮದೇ ರೋಗನಿರೋಧಕ ಶಕ್ತಿ. ಥೈರಾಯ್ಡ್ ಗ್ರಂಥಿಯನ್ನು ಕೆರಳಿಸುವ ಆ್ಯಂಟಿಬಾಡಿಗಳಿಗೆ ಕಣ್ಣಿನ ಹಿಂದೆಯೂ ಹಿಡಿದುಕೊಳ್ಳಲು ಜಾಗ ಸಿಗುತ್ತದೆ. ಅಲ್ಲಿರುವ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೆರಳಿ ನೀರು ಹಿಡಿದಿಡುವ ವಸ್ತುವನ್ನು ತಯಾರಿಸುತ್ತವೆ. ಕೊಬ್ಬು ಬೆಳೆಯುತ್ತದೆ, ಕಣ್ಣು ತಿರುಗಿಸುವ ಸ್ನಾಯುಗಳು ದಪ್ಪಗಾಗುತ್ತವೆ. ಸುತ್ತ ಮೂಳೆ. ಹಿಗ್ಗಲು ಜಾಗ ಇರುವುದು ಮುಂದೆ ಮಾತ್ರ. ಅದಕ್ಕೇ ಗುಡ್ಡೆ ಮುಂದೆ ಬರುತ್ತದೆ.

ಹಾಗಂತ ರಕ್ತದ ರಿಪೋರ್ಟ್ ಲೆಕ್ಕಕ್ಕಿಲ್ಲ ಅಂತಲ್ಲ. ಥೈರಾಯ್ಡ್ ಏರಿದರೂ ಕಣ್ಣಿಗೆ ಕೆಟ್ಟದ್ದು, ಮಾತ್ರೆ ಜಾಸ್ತಿಯಾಗಿ ತೀರಾ ಇಳಿದರೂ ಕೆಟ್ಟದ್ದು. ಎರಡೂ ಕಡೆ ತೂಗಾಡದ ಹಾಗೆ ನೋಡಿಕೊಳ್ಳುವುದೇ ಕಾಯುವ ಕಾಲದ ಮೊದಲ ಕೆಲಸ.

ಎರಡನೆಯದು, ಕಣ್ಣು ಒಣಗದ ಹಾಗೆ ನೋಡಿಕೊಳ್ಳುವುದು. ನೀರು ಸುರಿಯುತ್ತಿದ್ದರೂ ಕಣ್ಣು ಒಣಗಿರುತ್ತದೆ. ರೆಪ್ಪೆ ಸರಿಯಾಗಿ ಮುಚ್ಚದೆ ಒಣಗಿದ್ದಕ್ಕೇ ಆ ನೀರು. ಹಗಲು ಕಣ್ಣೀರಿನ ಡ್ರಾಪ್ಸ್ ಹಾಕಿ. ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ರಾತ್ರಿ ಜೆಲ್ ಅಥವಾ ಆಯಿಂಟ್‌ಮೆಂಟ್. ಮನೆಯವರನ್ನು ಒಂದು ರಾತ್ರಿ ನೋಡಲು ಹೇಳಿ, ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತದಾ ಅಂತ. ಬಹಳ ಜನಕ್ಕೆ ಮುಚ್ಚುವುದಿಲ್ಲ, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಕೆಂಪು ಹೋಗಿಸುವ ಡ್ರಾಪ್ಸ್ ಮಾತ್ರ ಮುಟ್ಟಬೇಡಿ. ಸ್ವಲ್ಪ ಹೊತ್ತು ಬೆಳ್ಳಗಾಗುತ್ತದೆ, ಆಮೇಲೆ ಮೊದಲಿಗಿಂತ ಕೆಂಪಾಗುತ್ತದೆ.

ತಲೆದಿಂಬು ಎತ್ತರ ಮಾಡಿಕೊಳ್ಳಿ. ಬೆಳಗಿನ ಊತ ಕಡಿಮೆಯಾಗುತ್ತದೆ.

ಧೂಮಲೀಲೆ

ಈಗ ಯಾರಾದರೂ ಬಂದು ಸಿಗರೇಟು ಬಿಡಿ ಅನ್ನುತ್ತಾರೆ ನೋಡಿ.

ಹಳೇಕನ್ನಡಕ

ಸಿಗರೇಟು ಬಿಡಿ.

ಧೂಮಲೀಲೆ

ಹೇಳಿದೆನಲ್ಲ. ಯಾವ ಕಾಯಿಲೆಗೆ ಹೋದರೂ ಡಾಕ್ಟರು ಅದನ್ನೇ ಹೇಳುತ್ತಾರೆ ಸರ್. ಹಲ್ಲುನೋವಿಗೂ ಅದೇ. ಹಾಗಾಗಿ ಕಿವಿಗೆ ಹೋಗುವುದಿಲ್ಲ.

ಡ್ಯೂಟಿಅಕ್ಕ

ನಿಮ್ಮ ಮಾತು ಅರ್ಥವಾಗುತ್ತದೆ. ಆದರೆ ಇಲ್ಲಿ ಅದು ಸುಮ್ನೆ ಹೇಳುವ ಮಾತಲ್ಲ. ಈ ಕಣ್ಣಿನ ಕಾಯಿಲೆಯಲ್ಲಿ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತಂಬಾಕಿನ ಹೊಗೆ. ಸೇದುವ ಗ್ರೇವ್ಸ್ ರೋಗಿಗಳಿಗೆ ಕಣ್ಣು ಕೆಡುವುದು ಜಾಸ್ತಿ. ಕೆಟ್ಟರೆ ತೀವ್ರವಾಗುವುದು ಜಾಸ್ತಿ. ಸ್ಟೀರಾಯ್ಡ್ ಕೊಟ್ಟರೂ ರೇಡಿಯೇಷನ್ ಕೊಟ್ಟರೂ ಕೆಲಸ ಮಾಡುವುದು ಕಡಿಮೆ. ಎಷ್ಟು ಸೇದುತ್ತೀರಿ ಎಂಬುದಕ್ಕೂ ಲೆಕ್ಕ ಇದೆ, ಕಡಿಮೆ ಮಾಡಿದರೂ ಸ್ವಲ್ಪ ಲಾಭ. ಪಕ್ಕದವರು ಸೇದುವ ಹೊಗೆಯೂ ಒಳ್ಳೆಯದಲ್ಲ.

ಧೂಮಲೀಲೆ

ಔಷಧಿಯೇ ಕೆಲಸ ಮಾಡುವುದಿಲ್ಲ ಅಂತ ಇದುವರೆಗೆ ಯಾರೂ ನನಗೆ ಹೇಳಿರಲಿಲ್ಲ. "ಆರೋಗ್ಯಕ್ಕೆ ಹಾನಿಕರ" ಅಷ್ಟೇ ಹೇಳುತ್ತಾರೆ. ಯೋಚನೆ ಮಾಡುತ್ತೇನೆ.

ಮೂಲೆಮನೆ

ಇಷ್ಟೆಲ್ಲ ಯಾಕೆ? ನಮ್ಮ ಸಂಬಂಧಿಕರೊಬ್ಬರು ಅಯೋಡಿನ್ ತಗೊಂಡು ಥೈರಾಯ್ಡನ್ನೇ ಮುಗಿಸಿದರು. ಬೇರು ಕಿತ್ತರೆ ಗಿಡ ಒಣಗುತ್ತದೆ, ಅಲ್ವಾ?

ಡ್ಯೂಟಿಅಕ್ಕ

ಇದಕ್ಕೆ ಸ್ವಲ್ಪ ಜೋರಾಗಿಯೇ ಉತ್ತರ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಥೈರಾಯ್ಡ್ ಇಲ್ಲಿ ಬೇರಲ್ಲ. ನೀವು ಹೇಳಿದ್ದು ರೇಡಿಯೋ ಅಯೋಡಿನ್, ಅಂದರೆ ವಿಕಿರಣದಿಂದ ಥೈರಾಯ್ಡ್ ಗ್ರಂಥಿಯನ್ನು ನಾಶ ಮಾಡುವ ಔಷಧಿ. ಥೈರಾಯ್ಡಿಗೆ ಅದು ಒಳ್ಳೆಯ ಚಿಕಿತ್ಸೆ, ಆದರೆ ಸಕ್ರಿಯ ಕಣ್ಣಿನ ಕಾಯಿಲೆ ಇರುವವರಿಗೆ ಅಪಾಯ ಇದೆ. 1998ರಲ್ಲಿ ಇಟಲಿಯಿಂದ ಬಂದ ಅಧ್ಯಯನದಲ್ಲಿ ಬರೀ ರೇಡಿಯೋ ಅಯೋಡಿನ್ ತಗೊಂಡವರಲ್ಲಿ ಸುಮಾರು 15% ಜನರ ಕಣ್ಣಿನ ತೊಂದರೆ ಹೊಸದಾಗಿ ಶುರುವಾಯಿತು ಅಥವಾ ಜಾಸ್ತಿಯಾಯಿತು. ಜೊತೆಗೆ ಸ್ಟೀರಾಯ್ಡ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಯಾರಿಗೂ ಹಾಗಾಗಲಿಲ್ಲ. ಅಂದರೆ ಕೊಡಲೇಬಾರದು ಅಂತಲ್ಲ. ಥೈರಾಯ್ಡ್ ಡಾಕ್ಟರು ಮತ್ತು ಕಣ್ಣಿನ ಡಾಕ್ಟರು ಇಬ್ಬರೂ ಮಾತಾಡಿಕೊಂಡ ಮೇಲೆ ಕೊಡಬೇಕು. ಅವರಿಬ್ಬರೂ ಮಾತಾಡುವ ಹಾಗೆ ಮಾಡುವುದು ಎಷ್ಟೋ ಸಲ ರೋಗಿಯ ಪಾಲಿಗೇ ಬರುತ್ತದೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿ.

ಮೂಲೆಮನೆ

ಸರಿ, ಗೊತ್ತಿರಲಿಲ್ಲ. ಅವರ ಕಣ್ಣಿಗೆ ಮೊದಲೂ ಏನೂ ಇರಲಿಲ್ಲ, ಅದಕ್ಕೇ ತೊಂದರೆ ಆಗಲಿಲ್ಲವೇನೋ.

ಅಮ್ಮನಮಗಳು

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಮ್ಮನಿಗೆ ಒಂದೇ ಕಣ್ಣು ಮುಂದೆ ಬಂದಿದೆ. ಥೈರಾಯ್ಡ್ ಪರೀಕ್ಷೆ ಪೂರ್ತಿ ನಾರ್ಮಲ್. ಆದರೂ ಡಾಕ್ಟರು ಇದೇ ಇರಬಹುದು ಅನ್ನುತ್ತಾರೆ. ಹೇಗೆ ಸಾಧ್ಯ? ನನಗೆ ಗೆಡ್ಡೆ ಏನಾದರೂ ಇದೆಯಾ ಅಂತ ಭಯ.

ಹಳೇಕನ್ನಡಕ

ಸಾಧ್ಯ ಇದೆಯಮ್ಮ. ದೊಡ್ಡವರಲ್ಲಿ ಎರಡು ಕಣ್ಣು ಮುಂದೆ ಬಂದರೂ, ಒಂದೇ ಕಣ್ಣು ಮುಂದೆ ಬಂದರೂ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಕೆಲವರಿಗೆ ಕಣ್ಣು ಮೊದಲು, ಥೈರಾಯ್ಡ್ ಆಮೇಲೆ. ಕೆಲವರಿಗೆ ಥೈರಾಯ್ಡ್ ಕೊನೆಗೂ ಏರುವುದೇ ಇಲ್ಲ.

ಡ್ಯೂಟಿಅಕ್ಕ

ಆದರೆ ಅಮ್ಮನ ವಿಷಯದಲ್ಲಿ ಊಹೆಗೆ ಬಿಡಬೇಡಿ. ಒಂದೇ ಕಣ್ಣು, ಥೈರಾಯ್ಡ್ ನಾರ್ಮಲ್ ಅಂದರೆ ಸ್ಕ್ಯಾನ್ ಆಗಲೇಬೇಕು. ಸಿ.ಟಿ. ಅಥವಾ ಎಂ.ಆರ್.ಐ. ಈ ಕಾಯಿಲೆಯಲ್ಲಿ ಸ್ನಾಯುವಿನ ನಡುಭಾಗ ದಪ್ಪಗಿರುತ್ತದೆ, ಗುಡ್ಡೆಗೆ ಅಂಟುವ ತುದಿ ಸಾಮಾನ್ಯವಾಗಿ ತೆಳ್ಳಗೇ ಇರುತ್ತದೆ. ನೋಡುವವರಿಗೆ ಅದೊಂದು ಒಳ್ಳೆಯ ಗುರುತು. ಗೆಡ್ಡೆ ಇದ್ದರೂ ಅದರಲ್ಲೇ ಗೊತ್ತಾಗುತ್ತದೆ. ಜೊತೆಗೆ ಟಿ.ಎಸ್.ಎಚ್. ರಿಸೆಪ್ಟರ್ ಆ್ಯಂಟಿಬಾಡಿ, ಅಂದರೆ ನಾನು ಮೇಲೆ ಹೇಳಿದ ಆ ಆ್ಯಂಟಿಬಾಡಿಯ ಪರೀಕ್ಷೆ ಆಗಿದೆಯಾ ಕೇಳಿ. ಮಾಮೂಲಿ ಥೈರಾಯ್ಡ್ ಪರೀಕ್ಷೆಯ ಟಿ3, ಟಿ4, ಟಿ.ಎಸ್.ಎಚ್. ಮೂರೂ ಸರಿ ಇದ್ದಾಗಲೂ ಅದು ಜಾಸ್ತಿ ಬರಬಹುದು.

ಇನ್ನೊಂದು. ಅಮ್ಮನ ರೆಪ್ಪೆ ಮೇಲಕ್ಕೆ ಹೋಗಿದೆಯಾ, ಕೆಳಕ್ಕೆ ಜೋತಿದೆಯಾ? ಈ ಕಾಯಿಲೆಯಲ್ಲಿ ರೆಪ್ಪೆ ಮೇಲಕ್ಕೆ ಹೋಗುತ್ತದೆ. ಜೋತು ಬಿದ್ದಿದ್ದರೆ, ಸಂಜೆಗೆ ಇನ್ನೂ ಜಾಸ್ತಿಯಾದರೆ, ಡಾಕ್ಟರಿಗೆ ಹೇಳಿ. ಮಯಸ್ತೇನಿಯಾ ಎಂಬ, ಸ್ನಾಯು ಸೋಲುವ ಬೇರೆ ಕಾಯಿಲೆ ಗ್ರೇವ್ಸ್ ಜೊತೆಗೆ ಕೆಲವೊಮ್ಮೆ ಬರುತ್ತದೆ.

ಅಮ್ಮನಮಗಳು

ಮೇಲಕ್ಕೇ ಹೋಗಿದೆ ಅಕ್ಕ. ಸ್ಕ್ಯಾನ್ ಬರೆದಿದ್ದಾರೆ, ಅಮ್ಮ ಮುಂದೆ ಹಾಕುತ್ತಿದ್ದರು. ಇವತ್ತೇ ಬುಕ್ ಮಾಡಿಸುತ್ತೇನೆ.

ನಿದ್ದೆಗಣ್ಣು

ಎಲ್ಲರಿಗೂ ಥ್ಯಾಂಕ್ಸ್. ಮನೆಯವರು ರಾತ್ರಿ ನೋಡಿದರು. ಎಡಗಣ್ಣು ಮುಚ್ಚುವುದೇ ಇಲ್ಲವಂತೆ, ಬಿಳಿ ಕಾಣುತ್ತದಂತೆ. ಮಗ ನೋಡಿ ಹೆದರಿಬಿಟ್ಟ. ಜೆಲ್ ಶುರು ಮಾಡಿದೆ, ಬೆಳಗಿನ ಉರಿ ನಿಜಕ್ಕೂ ಕಡಿಮೆ.

ಸೆಲೆನಿಯಂ ಮಾತ್ರೆ ಬಗ್ಗೆ ಓದಿದೆ. ತಗೊಳ್ಳಬಹುದಾ? ಮತ್ತೆ "ಕೂಡಲೇ ಬನ್ನಿ" ಅನ್ನುವಂಥ ಲಕ್ಷಣಗಳು ಯಾವುವು? ನನ್ನ ಡಾಕ್ಟರು ಅವಸರದಲ್ಲಿದ್ದರು, ಕೇಳಲು ಆಗಲಿಲ್ಲ.

ಡ್ಯೂಟಿಅಕ್ಕ

ಎರಡನೆಯ ಪ್ರಶ್ನೆಗೆ ಮೊದಲು.

ಕಣ್ಣಿನ ನರ ಒತ್ತಿಹೋದರೆ ದೃಷ್ಟಿ ಹೋಗಬಹುದು. ನೂರರಲ್ಲಿ ಕೆಲವೇ ಜನರಿಗೆ ಆಗುತ್ತದೆ, ಆದರೆ ಅವರು ತಡ ಮಾಡಬಾರದು. ಮೊದಲು ಬಣ್ಣ ಮಂಕಾಗುತ್ತದೆ, ಅದರಲ್ಲೂ ಕೆಂಪು. ಒಂದು ಕೆಂಪು ವಸ್ತು ಹಿಡಿದು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ. ಒಂದು ಕಣ್ಣಿಗೆ ಕೆಂಪು ಮಾಸಿದ ಹಾಗೆ ಕಂಡರೆ ಅವತ್ತೇ ಆಸ್ಪತ್ರೆಗೆ. ದೃಷ್ಟಿ ಮಬ್ಬಾಗಿ ರೆಪ್ಪೆ ಬಡಿದರೂ ಸರಿಹೋಗದಿದ್ದರೂ ಅವತ್ತೇ. ಗುಡ್ಡೆ ರೆಪ್ಪೆಯ ಹೊರಗೆ ಜಾರಿದ ಹಾಗಾದರೂ, ಬೆಳಕು ನೋಡಲಾಗದಷ್ಟು ನೋವು ಬಂದು ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೂ ಅಷ್ಟೇ. ಒಂದು ಎಚ್ಚರಿಕೆ: ಗುಡ್ಡೆ ಜಾಸ್ತಿ ಮುಂದೆ ಬಾರದವರಲ್ಲೂ ನರ ಒತ್ತಿಹೋಗಬಹುದು. ಮುಂದಕ್ಕೆ ಬರಲಾಗದೆ ಒತ್ತಡ ಒಳಗೇ ಉಳಿಯುತ್ತದೆ. ಕನ್ನಡಿ ನೋಡಿ ಸಮಾಧಾನ ಪಡಬೇಡಿ.

ಸೆಲೆನಿಯಂ: ಯುರೋಪಿನ ವೈದ್ಯರ ಗುಂಪೊಂದು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈಲ್ಡ್ ಇದ್ದವರಿಗೆ 100 ಮೈಕ್ರೋಗ್ರಾಂ ದಿನಕ್ಕೆ 2 ಸಲ, 6 ತಿಂಗಳು ಕೊಟ್ಟಾಗ ಕಾಯಿಲೆ ಮುಂದುವರಿಯುವುದು ಕಡಿಮೆಯಾಯಿತು. ಅದು ಮೈಲ್ಡ್ ಇರುವವರಿಗೆ, ಶುರುವಿನಲ್ಲಿ, ಅಷ್ಟೇ ಡೋಸ್‌ನಲ್ಲಿ. ಜಾಸ್ತಿ ತಗೊಂಡರೆ ಜಾಸ್ತಿ ಒಳ್ಳೆಯದು ಅಂತೇನಿಲ್ಲ, ಸೆಲೆನಿಯಂ ಮೈಯಲ್ಲಿ ಹೆಚ್ಚಾದರೆ ವಿಷ. ಡಾಕ್ಟರನ್ನು ಕೇಳಿ ತಗೊಳ್ಳಿ. ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸಬಹುದು.

ಸಂಜೆಮಲ್ಲಿಗೆ

ನನ್ನದು ಮೈಲ್ಡ್ ಇತ್ತು, ಡ್ರಾಪ್ಸ್ ಬಿಟ್ಟು ಏನೂ ಮಾಡಿಸಲಿಲ್ಲ. ಈಗ ಹಳಬರು ಮಾತ್ರ ಗುರುತಿಸುತ್ತಾರೆ. ಅದರ ಬಗ್ಗೆ ಹೇಳುವುದೇನೂ ಇಲ್ಲ. ಮುಖದ ಬಗ್ಗೆ ಹೇಳಬೇಕು.

ಯಾರೂ ಇದನ್ನು ಕಾಯಿಲೆ ಅಂತ ತಗೊಳ್ಳುವುದಿಲ್ಲ. ಜ್ವರ ಬಂದರೆ "ಹೇಗಿದ್ದೀಯ" ಅಂತ ಕೇಳುತ್ತಾರೆ. ಇದಕ್ಕೆ "ಫೋಟೋದಲ್ಲಿ ಬೇರೆ ಥರ ಕಾಣುತ್ತೀಯ" ಅನ್ನುತ್ತಾರೆ. ಮದುವೆ ಫೋಟೋಗಳಲ್ಲಿ ಕೊನೆಯ ಸಾಲಿಗೆ ಹೋಗಿ ನಿಲ್ಲುತ್ತಿದ್ದೆ. ವಿಡಿಯೋ ಕಾಲ್‌ನಲ್ಲಿ ನನ್ನ ಚೌಕ ಮುಚ್ಚಿಬಿಡುತ್ತಿದ್ದೆ. ಡಾಕ್ಟರ ಹತ್ತಿರ ಹೇಳಲು ನಾಚಿಕೆ, ದೃಷ್ಟಿ ಚೆನ್ನಾಗಿಯೇ ಇದೆಯಲ್ಲ, ಇದೆಂಥ ದೂರು ಅಂತ. ಆಮೇಲೆ ಒಂದು ಕಡೆ ಪ್ರಶ್ನೆ ಪತ್ರಿಕೆ ಕೊಟ್ಟರು. ಈ ಕಾಯಿಲೆಗೆಂದೇ ಮಾಡಿದ್ದು. 8 ಪ್ರಶ್ನೆ ದೃಷ್ಟಿಯ ಬಗ್ಗೆ, 8 ಪ್ರಶ್ನೆ ರೂಪದ ಬಗ್ಗೆ. ಜನ ದಿಟ್ಟಿಸಿ ನೋಡುತ್ತಾರಾ, ಫೋಟೋಗೆ ನಿಲ್ಲಲು ಹಿಂಜರಿಯುತ್ತೀರಾ ಅಂತೆಲ್ಲ. ಕೂತು ಅತ್ತುಬಿಟ್ಟೆ. ಡಾಕ್ಟರುಗಳೇ ಇದನ್ನು ಅಳೆಯುತ್ತಾರೆ ಅಂದ ಮೇಲೆ ನಾಚಿಕೆ ಹೋಯಿತು.

ನಿದ್ದೆಗಣ್ಣು ಅವರೇ, "ಯಾಕೆ ಸಿಟ್ಟು" ಅನ್ನುವವರಿಗೆ ನಾನು ಒಂದೇ ಉತ್ತರ ಇಟ್ಟುಕೊಂಡಿದ್ದೆ: "ಥೈರಾಯ್ಡಿನಿಂದ ರೆಪ್ಪೆ ಮೇಲೆ ಹೋಗಿದೆ, ಚಿಕಿತ್ಸೆ ನಡೆಯುತ್ತಿದೆ." ಅಷ್ಟೇ. ಮುಂದೆ ಕೇಳುವವರು ಕಡಿಮೆ.

ಧೂಮಲೀಲೆ

ಗಂಡಸರೂ ಫೋಟೋದಿಂದ ತಪ್ಪಿಸಿಕೊಳ್ಳುತ್ತೇವೆ ಮೇಡಂ. ಕಪ್ಪು ಕನ್ನಡಕ ಹಾಕಿ ಸ್ಟೈಲ್ ಅಂತ ಹೇಳಿಕೊಳ್ಳುತ್ತೇವೆ.

ನಿದ್ದೆಗಣ್ಣು

ಕೆಲವು ತಿಂಗಳ ನಂತರ ಬರೆಯುತ್ತಿದ್ದೇನೆ. ಮೈಲ್ಡ್ ಮೈಲ್ಡ್ ಆಗಿ ಉಳಿಯಲಿಲ್ಲ. ಎರಡೆರಡು ಕಾಣಲು ಶುರುವಾಯಿತು. ಮೊದಲು ಬೆಳಗ್ಗೆ ಮಾತ್ರ, ಆಮೇಲೆ ಇಡೀ ದಿನ. ಮೆಟ್ಟಿಲು ಎರಡು ಕಾಣುತ್ತವೆ, ಯಾವುದರ ಮೇಲೆ ಕಾಲಿಡುವುದು ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ಗದ್ದ ಎತ್ತಿಕೊಂಡು ನಡೆಯುತ್ತಿದ್ದೇನಂತೆ. ಡಾಕ್ಟರು 7 ಅಂಕದ ಪಟ್ಟಿ ಇಟ್ಟುಕೊಂಡು ನೋವು, ಕೆಂಪು, ಊತ ಎಲ್ಲ ಲೆಕ್ಕ ಹಾಕಿದರು. 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಕ್ರಿಯ, ನಿಮ್ಮದು ಸಕ್ರಿಯವೇ ಅಂದರು. ಸ್ಟೀರಾಯ್ಡ್ ಡ್ರಿಪ್ ಶುರು ಮಾಡುತ್ತಾರಂತೆ. ಅಂತರ್ಜಾಲದಲ್ಲಿ ಹೊಸ ಇಂಜೆಕ್ಷನ್ ಅಂತ ಬೇರೆ ಓದಿದೆ. ಯಾವುದು ಒಳ್ಳೆಯದು?

ಹಳೇಕನ್ನಡಕ

ಗದ್ದ ಎತ್ತುವುದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ಮೊದಲು ಬಿಗಿಯಾಗುವುದು ಗುಡ್ಡೆಯ ಕೆಳಗಿನ ಸ್ನಾಯು. ಅದು ಕಣ್ಣನ್ನು ಕೆಳಗೆ ಹಿಡಿದಿಡುತ್ತದೆ. ತಲೆ ಹಿಂದಕ್ಕೆ ವಾಲಿಸಿದರೆ ಎರಡು ಚಿತ್ರ ಒಂದಾಗುತ್ತವೆ. ನನ್ನ ಆ ಕಾಲದ ಎಲ್ಲ ಫೋಟೋದಲ್ಲೂ ಜಂಬದ ಕೋಳಿ ಥರ ನಿಂತಿದ್ದೇನೆ.

ಸ್ಟೀರಾಯ್ಡ್ ಬಗ್ಗೆ. ರೂಢಿಯಲ್ಲಿರುವ ಕ್ರಮ ವಾರಕ್ಕೊಂದು ಡ್ರಿಪ್, 12 ವಾರ. ಮೊದಲ 6 ವಾರ 500 ಮಿಲಿಗ್ರಾಂ, ಮುಂದಿನ 6 ವಾರ 250. ದಿನಾ ಮಾತ್ರೆ ನುಂಗುವುದಕ್ಕಿಂತ ಇದರಲ್ಲಿ ತೊಂದರೆ ಕಡಿಮೆ, ಫಲ ಜಾಸ್ತಿ. ಮೊದಲೇ ಲಿವರ್, ಶುಗರ್, ಬಿಪಿ ನೋಡುತ್ತಾರೆ, ನಡುವೆಯೂ ನೋಡುತ್ತಾರೆ. ನೋಡದಿದ್ದರೆ ನೀವೇ ಕೇಳಿ. ಡ್ರಿಪ್ ಆದ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ, ಕಪಾಟು ಜೋಡಿಸುತ್ತಾ ಕೂರುತ್ತಿದ್ದೆ. ಕೆಂಪು, ನೋವು ಬೇಗ ಇಳಿಯಿತು. ಗುಡ್ಡೆ ಮಾತ್ರ ಅಷ್ಟೇನೂ ಹಿಂದೆ ಹೋಗಲಿಲ್ಲ. ಸ್ಟೀರಾಯ್ಡಿನಿಂದ ಅದನ್ನು ನಿರೀಕ್ಷಿಸಬೇಡಿ.

ಡ್ಯೂಟಿಅಕ್ಕ

ಹೊಸ ಇಂಜೆಕ್ಷನ್ ಅಂದರೆ ಟೆಪ್ರೊಟುಮುಮ್ಯಾಬ್ ಇರಬೇಕು. ಈ ಕಾಯಿಲೆಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೊದಲ ಔಷಧಿ, 2020ರ ಜನವರಿಯಲ್ಲಿ. 3 ವಾರಕ್ಕೊಂದರಂತೆ 8 ಡ್ರಿಪ್. ಅದರ ಮುಖ್ಯ ಪ್ರಯೋಗದಲ್ಲಿ 24 ವಾರದ ಹೊತ್ತಿಗೆ 83% ಜನರ ಗುಡ್ಡೆ 2 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಹಿಂದೆ ಹೋಯಿತು, ಔಷಧಿ ಇಲ್ಲದ ಡ್ರಿಪ್ ಪಡೆದವರಲ್ಲಿ 10% ಮಾತ್ರ. ಸ್ಟೀರಾಯ್ಡ್ ಮಾಡದ ಕೆಲಸ ಅದು.

ಇನ್ನೊಂದು ಮುಖವೂ ಇದೆ. ಸ್ನಾಯು ಹಿಡಿಯುವುದು, ಶುಗರ್ ಏರುವುದು, ಮತ್ತೆ ಕಿವಿ. ಕೆಲವರಿಗೆ ಕಿವಿ ಮಂದವಾಗುತ್ತದೆ, ಕೆಲವರಿಗೆ ಅದು ಹಾಗೇ ಉಳಿಯುತ್ತದೆ. ಶುರುವಿಗೆ ಮೊದಲೇ ಕಿವಿ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರಿಗೆ ಕೊಡುವಂತಿಲ್ಲ. ನಿಲ್ಲಿಸಿದ ಮೇಲೆ ಕೆಲವರಿಗೆ ಕಾಯಿಲೆ ಮರಳುತ್ತದೆ. ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕರೂ ತುಂಬ ದುಬಾರಿ. ನಿಮ್ಮ ಡಾಕ್ಟರು ಸ್ಟೀರಾಯ್ಡ್ ಅಂದಿದ್ದರೆ ಅದು ಹಿಂದುಳಿದ ಸಲಹೆ ಏನೂ ಅಲ್ಲ.

ಎರಡು ಕಾಣುತ್ತಿರುವಷ್ಟು ದಿನ ಗಾಡಿ ಓಡಿಸಬೇಡಿ. ಇದರಲ್ಲಿ ಚರ್ಚೆ ಇಲ್ಲ.

ನಿದ್ದೆಗಣ್ಣು

ಆಪರೇಷನ್ ಈಗಲೇ ಮಾಡಿಸಿಬಿಟ್ಟರೆ ಮುಗಿಯುವುದಿಲ್ವಾ? ಮೊದಲು ರೆಪ್ಪೆ ಸರಿ ಮಾಡಿಸಬೇಕು ಅನಿಸುತ್ತದೆ. ಕಾಣುವುದು ಅದೇ ತಾನೆ.

ಹಳೇಕನ್ನಡಕ

ನನಗೂ ಹಾಗೇ ಅನಿಸಿತ್ತು. ಡಾಕ್ಟರು ಒಪ್ಪಲಿಲ್ಲ, ಒಳ್ಳೆಯದೇ ಆಯಿತು. ನರ ಒತ್ತಿಹೋಗಿದ್ದರೆ ಅಥವಾ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಹುಣ್ಣಾಗಿದ್ದರೆ ತುರ್ತಾಗಿ ಮಾಡುತ್ತಾರೆ, ಆ ಮಾತು ಬೇರೆ. ಇಲ್ಲದಿದ್ದರೆ ಕಾಯಿಲೆ ತಣ್ಣಗಾಗಿ, ಅಳತೆಗಳು ಸುಮಾರು 6 ತಿಂಗಳು ಬದಲಾಗದೆ ನಿಂತ ಮೇಲೇ ಕೈ ಹಾಕುವುದು. ಬದಲಾಗುತ್ತಿರುವ ಕಣ್ಣಿಗೆ ಇವತ್ತು ಹೊಲಿದ ಅಳತೆ ನಾಳೆಗೆ ತಪ್ಪುತ್ತದೆ.

ಕ್ರಮವೂ ಹಿಂದುಮುಂದು ಆಗಬಾರದು. ಮೊದಲು ಡಿಕಂಪ್ರೆಷನ್, ಅಂದರೆ ಕಣ್ಣಿನ ಗೂಡಿನ ಮೂಳೆ ಅಥವಾ ಕೊಬ್ಬು ತೆಗೆದು ಗುಡ್ಡೆಗೆ ಹಿಂದೆ ಜಾಗ ಮಾಡುವುದು. ಎರಡನೆಯದು ಸ್ನಾಯುವಿನ ಆಪರೇಷನ್, ಎರಡೆರಡು ಕಾಣುವುದಕ್ಕೆ. ಕೊನೆಯದು ರೆಪ್ಪೆ. ಯಾಕೆಂದರೆ ಮೊದಲನೆಯದರಿಂದ ಸ್ನಾಯುವಿನ ಲೆಕ್ಕ ಬದಲಾಗುತ್ತದೆ, ಎರಡನೆಯದರಿಂದ ರೆಪ್ಪೆ ಇರುವ ಮಟ್ಟ ಬದಲಾಗುತ್ತದೆ. ಎಲ್ಲರಿಗೂ ಮೂರೂ ಬೇಕಾಗುವುದಿಲ್ಲ. ಬೇಕಾದಷ್ಟನ್ನು ಈ ಸಾಲಿನಲ್ಲೇ ಮಾಡುತ್ತಾರೆ.

ನನ್ನ ಅನುಭವ: ಡಿಕಂಪ್ರೆಷನ್ ಆದ ಮೇಲೆ ಕೆನ್ನೆ, ಮೇಲ್ತುಟಿ ಜೋಮು ಹಿಡಿದ ಹಾಗಿತ್ತು, ನಿಧಾನಕ್ಕೆ ಬಿಟ್ಟಿತು. ಮೂಗು ಜೋರಾಗಿ ಸೀಟಬಾರದು ಅಂದರು, ಅದೇ ಕಷ್ಟವಾಯಿತು. ಎರಡೆರಡು ಕಾಣುವುದು ಮೊದಲಿಗಿಂತ ಜಾಸ್ತಿಯಾಯಿತು. ಆಗಬಹುದು ಅಂತ ಮೊದಲೇ ಹೇಳಿದ್ದರು, ಆದರೂ ಕೈಕಾಲು ತಣ್ಣಗಾಯಿತು. ಸ್ನಾಯುವಿನ ಆಪರೇಷನ್ ಆದ ಮೇಲೆ ನೇರಕ್ಕೆ ಮತ್ತು ಓದುವಾಗ ಒಂದೇ ಕಾಣುತ್ತದೆ. ತೀರಾ ಮೇಲೆ, ತೀರಾ ಪಕ್ಕಕ್ಕೆ ನೋಡಿದರೆ ಈಗಲೂ ಎರಡು. ಮೇಲಿನ ಕಪಾಟಿಗೆ ಸ್ಟೂಲು ಹಾಕಿಕೊಳ್ಳುತ್ತೇನೆ.

ಧೂಮಲೀಲೆ

ಸಿಗರೇಟು ಬಿಟ್ಟಿದ್ದೇನೆ. ಕಣ್ಣಿಗೆ ಏನಾಯಿತು ಅಂತ ಈಗಲೇ ಕೇಳಬೇಡಿ. ಬಾಯಿ ಸುಮ್ನಿರುವುದಿಲ್ಲ, ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೇನೆ. ಕಣ್ಣು ನೋಡಿ ಸಿಟ್ಟು ಅಂದುಕೊಳ್ಳುತ್ತಿದ್ದರು, ಈಗ ನಿಜವಾಗಿಯೂ ಸಿಟ್ಟೇ.

ಸಂಜೆಮಲ್ಲಿಗೆ

ಇದು ಇವತ್ತಿನ ಒಳ್ಳೆಯ ಸುದ್ದಿ.

ಅಮ್ಮನಮಗಳು

ಅಮ್ಮನ ಸ್ಕ್ಯಾನ್ ಬಂತು. ಗೆಡ್ಡೆ ಇಲ್ಲ. ಎರಡು ಸ್ನಾಯು ದಪ್ಪಗಿವೆ. ಆ್ಯಂಟಿಬಾಡಿ ಜಾಸ್ತಿ ಇದೆ. ಥೈರಾಯ್ಡ್ ಈಗ ಸರಿ ಇದ್ದರೂ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕಂತೆ. ಇನ್ನೊಂದು ಕಣ್ಣಿಗೂ ಬರುತ್ತದಾ?

ಡ್ಯೂಟಿಅಕ್ಕ

ಬರಬಹುದು, ಬರದೆಯೂ ಇರಬಹುದು. ಪ್ರತಿ ಸಲ ಎರಡೂ ಕಣ್ಣಿನ ಅಳತೆ ಬರೆಸಿಕೊಳ್ಳಿ. ಹರ್ಟೆಲ್ ಎಂಬ ಸಣ್ಣ ಉಪಕರಣದಲ್ಲಿ ಗುಡ್ಡೆ ಎಷ್ಟು ಮಿಲಿಮೀಟರ್ ಮುಂದಿದೆ ಅಂತ ಅಳೆಯುತ್ತಾರೆ. ಕನ್ನಡಿಗಿಂತ ಆ ಅಂಕಿ ನಂಬಿ. ಕಾಯಿಲೆಗೆ ಮುಂಚಿನ ಒಂದೆರಡು ಫೋಟೋ ಕೂಡ ತಗೊಂಡು ಹೋಗಿ.

ನಿದ್ದೆಗಣ್ಣು

ಡ್ರಿಪ್ ಅರ್ಧ ಮುಗಿದಿದೆ. ಊತ ಇಳಿದಿದೆ, ಮೇಲೆ ನೋಡಿದಾಗಿನ ಎಳೆತ ಕಡಿಮೆ. ಎರಡೆರಡು ಕಾಣುವುದು ಹಾಗೇ ಇದೆ. ಅದಕ್ಕೆ ಕನ್ನಡಕದ ಮೇಲೆ ಅಂಟಿಸುವ ಪ್ರಿಸಂ ಪಟ್ಟಿ ಕೊಟ್ಟರು. ನೇರಕ್ಕೆ ಒಂದೇ ಕಾಣುತ್ತದೆ! ಮೆಟ್ಟಿಲು ಇಳಿಯಲು ಧೈರ್ಯ ಬಂತು. ಆದರೆ ಆ ಕಣ್ಣಿಗೆ ಸ್ವಲ್ಪ ಮಂಜು ಮಂಜು. ಪಟ್ಟಿಯ ಗೆರೆಗಳಲ್ಲಿ ಧೂಳು ಕೂರುತ್ತದೆ. ತೊಳೆಯಬಹುದಾ?

ಹಳೇಕನ್ನಡಕ

ತೊಳೆಯಬಹುದು. ಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಉದ್ದಕ್ಕೇ ಉಜ್ಜಿ. ಬಟ್ಟೆಯಿಂದ ಒರೆಸಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತದೆ. ಪಟ್ಟಿ ಬಿಟ್ಟುಬಂದರೆ ನಯವಾದ ಬದಿ ಗಾಜಿಗೆ, ಗೆರೆ ಇರುವ ಬದಿ ಕಣ್ಣಿನ ಕಡೆಗೆ. ನೀರಿನೊಳಗೇ ಹಿಡಿದು ಒತ್ತಿದರೆ ಗುಳ್ಳೆ ಬರುವುದಿಲ್ಲ. ಯಾವ ತುದಿ ಮೇಲೆ ಅಂತ ಮೊದಲೇ ಪೆನ್ನಿನಲ್ಲಿ ಸಣ್ಣ ಗುರುತು ಹಾಕಿಡಿ, ತಿರುಗಿಸಿ ಅಂಟಿಸಿದರೆ ಎರಡಿದ್ದದ್ದು ಇನ್ನೂ ದೂರ ಹೋಗುತ್ತದೆ. ಮಂಜು ಇದ್ದೇ ಇರುತ್ತದೆ. ಅಳತೆ ನಿಂತ ಮೇಲೆ ಪ್ರಿಸಂ ಅನ್ನು ಗಾಜಿನೊಳಗೇ ಮಾಡಿಸಿಕೊಳ್ಳಬಹುದು, ಅದರಲ್ಲಿ ಅಷ್ಟು ಮಂಜು ಇರುವುದಿಲ್ಲ. ಈಗಲೇ ಮಾಡಿಸಬೇಡಿ, ನಂಬರ್ ಇನ್ನೂ ಬದಲಾಗುತ್ತದೆ.